ಗೋಪುರದೊಳಗಿನ ಹನ್ನೆರಡು ಮಂದಿ

ಪೊದ್ಲಾಜ್ ಎಂಬ ಊರಿನಲ್ಲಿ ತ್ರಿಗ್ಲಾವ್ ಶಿಖರ ಹತ್ತದ ಗಂಡಸು ಒಬ್ಬನೂ ಇರಲಿಲ್ಲ. ಯಾರೋ ವಿಚಾರಿಸಿ ನೋಡಿದ್ದರೆಂದಲ್ಲ; ಇನ್ನೊಬ್ಬನನ್ನು ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ. ಊರಿನ ಹೋಟೆಲಿನ ಕಿಟಕಿಯಲ್ಲಿ ಕೂತರೆ ಮೂರು ತಲೆಯ ಆ ಬಿಳಿ ಸುಣ್ಣಕಲ್ಲಿನ ಬೆಟ್ಟ ಬಿಯರ್ ಲೋಟದ ಪಕ್ಕದಲ್ಲೇ ಕಾಣುತ್ತದೆ. ದಿನಾ ಸಂಜೆ ಅದರ ಪಕ್ಕ ಕೂತು ಕುಡಿದವನಿಗೆ ಕೆಲವು ವರ್ಷಗಳಲ್ಲಿ ತಾನು ಅದನ್ನು ಹತ್ತಿ ಇಳಿದವನೇ ಎಂದು ಅನ್ನಿಸತೊಡಗುವುದು ಸಹಜ. ತ್ರಿಗ್ಲಾವ್ ಹತ್ತದವನನ್ನು ಪೂರ್ತಿ ಸ್ಲೊವೇನಿಯನ್ ಎಂದು ಈ ದೇಶದಲ್ಲಿ ಯಾರೂ ಒಪ್ಪುವುದಿಲ್ಲ. ಮೊದಲ ಸಲ ತುದಿ ಮುಟ್ಟಿದವನನ್ನು ಅಲ್ಲೇ ಬಗ್ಗಿಸಿ ಹಿಂದಿನಿಂದ ಹಗ್ಗದಲ್ಲಿ ಬಾರಿಸುತ್ತಾರೆ; ಅದಕ್ಕೆ ದೀಕ್ಷೆ ಎಂದು ಹೆಸರು. ಬಾರಿಸುವ ಕೈ ಹಿಂದೆಂದೋ ಅಲ್ಲೇ ಬಾರಿಸಿಕೊಂಡವನದೇ ಆಗಿರಬೇಕು ಎಂಬುದು ಕಟ್ಟುಪಾಡು.

ಇಂಥ ವೀರರ ಊರಿನಲ್ಲೂ ಆಲ್ಬಿನ್‌ನ ಹೆಸರು ಉಳಿದವರಿಗಿಂತ ಒಂದು ಗೇಣು ಮೇಲಿತ್ತು. ಆಲ್ಬಿನ್ ಎಂದರೆ ಮೊಳೆ, ತಿರುಪು, ಹಗ್ಗ, ಬಣ್ಣದ ಡಬ್ಬಿ ಮಾರುವ ಅಂಗಡಿಯವನು. ಐವತ್ತು ದಾಟಿದವನು, ಎಲ್ಲಿಗೆ ಹೋದರೂ ಹೊಟ್ಟೆ ಅವನಿಗಿಂತ ಸ್ವಲ್ಪ ಮೊದಲು ಹೋಗಿ ಮುಟ್ಟುತ್ತಿತ್ತು. ಅವನ ಕಥೆ ಊರಿಗೆಲ್ಲ ಬಾಯಿಪಾಠ. ಹರೆಯದಲ್ಲಿ ಅವನು ತ್ರಿಗ್ಲಾವ್ ತುದಿಯಲ್ಲಿದ್ದಾಗ ಆಲಿಕಲ್ಲು ಮಳೆ ಹಿಡಿಯಿತು. ತುದಿಯಲ್ಲಿ ತಗಡಿನದೊಂದು ಗೋಪುರವಿದೆ, ಹಿಂದಿನ ಕಾಲದ ಪಾದ್ರಿಯೊಬ್ಬರು ನಿಲ್ಲಿಸಿದ್ದು. ಚೆಲ್ಲಾಪಿಲ್ಲಿಯಾಗಿದ್ದ ಹನ್ನೆರಡು ಮಂದಿಯನ್ನು ಆಲ್ಬಿನ್ ಅದರೊಳಗೆ ಎಳೆದು ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಬೆಳಗಾಗುವವರೆಗೂ ಹಾಡು ಹೇಳಿಸಿ ಜೀವ ಉಳಿಸಿದ. ಈ ಕಥೆ ಶುರುವಾದಾಗೆಲ್ಲ ಅವನ ಹೆಂಡತಿ ತೊಂಚ್ಕಾ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಹೋಗುತ್ತಿದ್ದಳು. ಕೇಳಿ ಕೇಳಿ ಅವಳಿಗೆ ಬೇಸರ ಬಂದಿರಬೇಕೆಂದು ಆಲ್ಬಿನ್ ಅವಳನ್ನು ಕ್ಷಮಿಸಿದ್ದ.

ನಿಜ ಸಂಗತಿ ಬೇರೆ. ಆ ಸಲ ಆಲ್ಬಿನ್ ಶಿಖರದ ಕೆಳಗೆ ಹತ್ತುವವರು ತಂಗುವ ಆಶ್ರಯಮನೆಯವರೆಗೆ ಮಾತ್ರ ಹೋಗಿದ್ದ. ಅಲ್ಲಿ ಬಾರ್ಲಿಯನ್ನೂ ಹೊಗೆಯಾಡಿಸಿದ ಹಂದಿಮಾಂಸವನ್ನೂ ಹಾಕಿ ಬೇಯಿಸಿದ ಗಟ್ಟಿ ಸಾರನ್ನು ಬಾಯಿರುಚಿ ಹತ್ತಿ ಮೂರು ತಟ್ಟೆ ಬಾರಿಸಿದ. ಬೇರೆಯವರು ತುದಿಗೆ ಹೋಗಿಬರುವಷ್ಟು ಹೊತ್ತೂ ಅವನು ಆಶ್ರಯಮನೆಯ ಹಿಂದಿನ ಮರದ ಕಕ್ಕಸು ಕೋಣೆಯೊಳಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಊರಿಗೆ ಬಂದ ಸಂಜೆ ಹೋಟೆಲಿನಲ್ಲಿ ಯಾರೋ ಮೇಲೆ ಹೇಗಿತ್ತಪ್ಪ ಎಂದರು. ಆಲಿಕಲ್ಲು ಬಿತ್ತು ಎಂದ. ಅದು ನಿಜ, ಕೋಣೆಯ ಸೂರಿನ ಮೇಲೆ ಬಿದ್ದ ಸದ್ದು ಕೇಳಿದ್ದ. ಮೇಲೆ ಎಷ್ಟು ಜನ ಇದ್ರಿ ಎಂದು ಇನ್ನೊಬ್ಬ ಕೇಳಿದ. ಎದುರು ಗೋಡೆಯ ಮೇಲೆ ಶಿಷ್ಯರ ಸಾಲಿನ ನಡುವೆ ಕೂತ ಯೇಸುವಿನ ಕೊನೆಯ ಊಟದ ಚಿತ್ರ ತೂಗುಹಾಕಿತ್ತು. ಹನ್ನೆರಡು ಎಂದುಬಿಟ್ಟ.

ಅಲ್ಲಿಂದಾಚೆಗೆ ಅವನು ಮಾಡಿದ್ದೇನೂ ಇಲ್ಲ. ಕಥೆಯನ್ನು ಊರೇ ಸಾಕಿಕೊಂಡಿತು. ಮರ ಕೊಯ್ಯುವ ಮಿಲ್ಲಿನ ಯಜಮಾನ, ಊರಿನ ಪರ್ವತಾರೋಹಣ ಸಂಘದ ಅಧ್ಯಕ್ಷ ಲೊವ್ರೊ ಒಂದು ವರ್ಷದ ಔತಣಕೂಟದಲ್ಲಿ ಎದ್ದು ನಿಂತು, ಆ ಹನ್ನೆರಡು ಮಂದಿಯಲ್ಲಿ ತಾನೂ ಒಬ್ಬ, ಬಾಗಿಲ ಹತ್ತಿರ ಕೂತಿದ್ದೆ ಎಂದು ಗದ್ಗದಿತನಾಗಿ ಹೇಳಿದ. ಆಲ್ಬಿನ್‌ಗೆ ಗಾಬರಿಯಾಯಿತು. ಪಾಪ, ಲೊವ್ರೊ ಬೇರೆ ಯಾವುದೋ ಸಲ ಹತ್ತಿದ್ದಾಗ ಬೇರೆ ಯಾವುದೋ ಆಲಿಕಲ್ಲಿಗೆ ಸಿಕ್ಕಿ, ನೆನಪು ಕಲಸಿಹೋಗಿರಬೇಕು ಎಂದುಕೊಂಡ. ಮುಂದಿನ ವರ್ಷ ಇನ್ನಿಬ್ಬರಿಗೆ ನೆನಪು ಕಲಸಿತು. ಈಗ ಆ ಹನ್ನೆರಡು ಮಂದಿಯಲ್ಲಿ ಹತ್ತೊಂಬತ್ತು ಜನ ಪೊದ್ಲಾಜ್‌ನಲ್ಲೇ ವಾಸವಾಗಿದ್ದರು. ಪಾದ್ರಿ ಮೆಲ್ಹಿಯೊರ್ ಅವರಂತೂ ತಾವು ಕಲಿಯುತ್ತಿದ್ದ ಕಾಲದಲ್ಲಿ ಅದೇ ಗೋಪುರದೊಳಗೆ ಪೂಜೆ ನಡೆಸಿದ್ದರಂತೆ, ಭಕ್ತರೆಲ್ಲ ಬೆಂಚಿನ ಮೇಲೆ ಕೂತಿದ್ದರಂತೆ. ಇಷ್ಟು ಜನ ಪ್ರಾಮಾಣಿಕರ ನಡುವೆ ತಾನೊಬ್ಬನೇ ಸುಳ್ಳ ಎಂದು ಆಲ್ಬಿನ್ ಆಗಾಗ ಮನಸ್ಸಿನಲ್ಲೇ ಕೊರಗುತ್ತಿದ್ದ.

ಹೀಗಿರುವಾಗ ಅವನ ಮಗಳು ಉರ್ಶಾ ಒಬ್ಬ ಹುಡುಗನನ್ನು ಭಾನುವಾರದ ಊಟಕ್ಕೆ ಕರೆತಂದಳು. ಉರ್ಶಾ ಪೂರ್ವದಲ್ಲಿ, ಮುರಾ ನದಿಯಾಚೆಯ ಬಯಲುಸೀಮೆಯಲ್ಲಿ ಶಾಲೆ ಮೇಡಂ. ಹುಡುಗ ಕಾಲ್ಮಾನ್ ಅದೇ ಕಡೆಯವನು, ವಿದ್ಯುತ್ ಲೈನಿನ ಕೆಲಸ. ಕಂಬ ಹತ್ತಿ ತಂತಿ ಎಳೆಯುವುದು, ಕೊಕ್ಕರೆಗಳು ತಂತಿಯ ಮೇಲೆ ಗೂಡು ಕಟ್ಟಿ ಸಾಯದಂತೆ ಕಂಬದ ತುದಿಗೆ ಕಬ್ಬಿಣದ ಬುಟ್ಟಿ ಕೂರಿಸುವುದು ಅವನ ಉದ್ಯೋಗ. ಎತ್ತರದ ಹುಡುಗ, ಮೆತ್ತಗೆ ಮಾತಾಡುವವನು. ಬರುವಾಗ ಕುಂಬಳಬೀಜದ ಎಣ್ಣೆಯ ಬಾಟಲಿ ತಂದಿದ್ದ.

ಮಾಂಸದ ಸಾರು ಮುಗಿಯುವ ಹೊತ್ತಿಗೆ ಆಲ್ಬಿನ್‌ಗೆ ಭಾವಿ ಮಾವನ ಗತ್ತು ಏರಿತ್ತು. ನಿಮ್ಮ ಕಡೆ ಎಲ್ಲಕ್ಕಿಂತ ಎತ್ತರದ್ದು ಯಾವುದಪ್ಪ ಎಂದು ಕೇಳಿದ.

"ನಾವು ನೆಟ್ಟ ಕಂಬ, ಮಾವ," ಎಂದ ಕಾಲ್ಮಾನ್ ಯೋಚಿಸಿ. "ಅದರ ಮೇಲೆ ಕೊಕ್ಕರೆ."

ಆಲ್ಬಿನ್ ಫೋರ್ಕ್ ಕೆಳಗಿಟ್ಟ. ಹನ್ನೆರಡು ಮಂದಿಯ ಕಥೆ ಹೇಳಿದ. ತೊಂಚ್ಕಾ ಒಲೆ ನೋಡಲು ಎದ್ದು ಹೋದಳು. ಕಥೆಯ ಕೊನೆಗೆ ಬಂದ ಆವೇಶದಲ್ಲಿ, ತಾನೇ ಮೊದಲ ಸಲ ಕೇಳುತ್ತಿರುವ ಒಂದು ಮಾತು ಅವನ ಬಾಯಿಂದ ಹೊರಬಿತ್ತು.

"ತ್ರಿಗ್ಲಾವ್ ಹತ್ತದ ಗಂಡಸು ಈ ಮೇಜಿಗೆ ಕೂತು ಉಣ್ಣೋ ಹಾಗಿಲ್ಲ. ಇದು ಈ ಮನೆ ಕಟ್ಟಳೆ."

ಹುಡುಗ ನಗಬೇಕು, ಮಗಳು ಜಗಳಕ್ಕೆ ಬರಬೇಕು, ಆಮೇಲೆ ತಾನು ದೊಡ್ಡ ಮನಸ್ಸು ಮಾಡಿ ಹೋಗಲಿ ಬಿಡಿ ಎನ್ನಬೇಕು. ಆಲ್ಬಿನ್‌ನ ಲೆಕ್ಕ ಇಷ್ಟೇ. ಆದರೆ ಬಯಲುಸೀಮೆಯಲ್ಲಿ ಹಿರಿಯರ ಮಾತನ್ನು ಜನ ಮಾತೆಂದೇ ತಿಳಿಯುತ್ತಾರೆ. ಕಾಲ್ಮಾನ್ ತಟ್ಟೆ ಎತ್ತಿಕೊಂಡು ಎದ್ದ, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದ, ಕಿಟಕಿಯ ಹತ್ತಿರ ಹೋಗಿ ನಿಂತು ತಿನ್ನತೊಡಗಿದ.

"ಅಯ್ಯೋ, ಕೂತ್ಕೋಪ್ಪ," ಎಂದಳು ಒಲೆಯ ಬಳಿಯಿಂದ ಬಂದ ತೊಂಚ್ಕಾ.

"ಪರವಾಗಿಲ್ಲ ಅತ್ತೆ. ನಿಂತು ತಿಂದ್ರೆ ಜೀರ್ಣ ಚೆನ್ನಾಗಾಗತ್ತೆ."

ಉರ್ಶಾ ಅಪ್ಪನನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಕೋಪ ಬಂದರೆ ಅವಳಿಗೆ ಮೊದಲು ಕಿವಿ ಕೆಂಪಾಗುತ್ತದೆ.

"ಕಟ್ಟಳೆ ಎಲ್ಲ ಗಂಡಸರಿಗೂ ತಾನೆ, ಅಪ್ಪ?"

"ಎಲ್ಲರಿಗೂ."

"ಸರಿ. ನನ್ನ ಮದುವೆ ಊಟಕ್ಕೂ ಅದೇ ಇರಲಿ. ಹತ್ತಿದೋನು ಮೇಜಿನ ತಲೆಯಲ್ಲಿ, ಯಜಮಾನನ ಜಾಗದಲ್ಲಿ ಕೂರಲಿ. ಹತ್ತದೋನು ಯಾರೇ ಆಗಿರಲಿ, ಕಿಟಕಿ ಹತ್ರ ನಿಂತ್ಕೊಂಡು ಉಣ್ಣಲಿ."

ಯಾರೇ ಆಗಿರಲಿ ಎಂಬ ಮಾತು ಆಲ್ಬಿನ್‌ನ ಹೊಟ್ಟೆಯಲ್ಲಿ ಆ ಹಳೆಯ ಬಾರ್ಲಿ ಸಾರಿನಂತೆಯೇ ಕೂತಿತು. ಒಬ್ಬಳೇ ಮಗಳ ಮದುವೆಯಲ್ಲಿ, ಊರೆಲ್ಲ ನೋಡುತ್ತಿರುವಾಗ, ತಾನು ಕಿಟಕಿಯ ಬಳಿ ತಟ್ಟೆ ಹಿಡಿದು ನಿಂತ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಅದಾಗದೆ ಇರಬೇಕಾದರೆ ನಿಜ ಹೊರಗೆ ಬರಬಾರದು, ಮಾಡಬೇಕಾದ್ದು ಅದೊಂದೇ.

ಎದುರು ಮನೆಯ ವಿಧವೆ ಪಾವ್ಲಾಗೆ ಆ ಕಿಟಕಿ ಚೆನ್ನಾಗಿ ಕಾಣುತ್ತದೆ. ಕಾಣದಿದ್ದರೆ ಆಕೆ ಮನೆ ಬದಲಾಯಿಸುತ್ತಿದ್ದಳು. ಬಂದ ನೆಂಟ ನಿಂತು ಉಣ್ಣುವುದನ್ನು ನೋಡಿ ಮರುಗಿ, ಆಲ್ಬಿನ್‌ನ ಮನೆಯಲ್ಲಿ ಕುರ್ಚಿಗೆ ಬಡತನ ಬಂದಿದೆಯೆಂದು ತನ್ನದೊಂದು ಕುರ್ಚಿ ಕಳಿಸಿಕೊಟ್ಟಳು. ಮುಂದಿನ ಭಾನುವಾರವೂ ಹುಡುಗ ನಿಂತೇ ಉಂಡ. ಎರಡನೇ ಕುರ್ಚಿ ಬಂತು. ಮೂರನೇ ಭಾನುವಾರ ಪಾದ್ರಿಗಳು ಪೂಜೆ ಮುಗಿಸಿ ಆಲ್ಬಿನ್‌ನನ್ನು ಪಕ್ಕಕ್ಕೆ ಕರೆದು, ಹುಡುಗನಿಗೆ ಕೂರಲಾರದಂಥ ಕಾಯಿಲೆ ಏನಾದರೂ ಇದೆಯೇ ಎಂದು ಮೃದುವಾಗಿ ವಿಚಾರಿಸಿದರು. ಬೇರೆ ದಾರಿ ಕಾಣದೆ ಆಲ್ಬಿನ್ ಕಟ್ಟಳೆಯ ವಿಷಯ ಹೇಳಿದ. ಸಂಜೆಯ ಹೊತ್ತಿಗೆ ಹೋಟೆಲಿನಲ್ಲಿ ಅದೇ ಮಾತು. ಗಂಡಸು ಅಂದರೆ ಹೀಗಿರಬೇಕು ಎಂದರು. ನಾಲ್ಕು ಮನೆಗಳಲ್ಲಿ ಅದೇ ಕಟ್ಟಳೆ ಜಾರಿಗೆ ಬಂತು, ಅವು ನಾಲ್ಕೂ ಗಂಡುಮಕ್ಕಳಿಲ್ಲದ ಮನೆಗಳು.

ವಸಂತ ಮುಗಿಯುವವರೆಗೂ ನಿಂತು ಉಂಡ ಕಾಲ್ಮಾನ್ ಕೊನೆಗೊಂದು ದಿನ ತಟ್ಟೆ ತೊಳೆದಿಟ್ಟು ಬಂದು ಹೇಳಿದ. ಬೇಸಿಗೆ ಮುಗಿಯುವುದರೊಳಗೆ ತ್ರಿಗ್ಲಾವ್ ಹತ್ತುತ್ತೇನೆ, ಮಾವನೇ ಕರೆದುಕೊಂಡು ಹೋಗಬೇಕು, ದೀಕ್ಷೆಯೂ ಮಾವನ ಕೈಯಿಂದಲೇ ಆಗಬೇಕು, ಅದೇ ತನಗೆ ಅವರು ಕೊಡುವ ಉಡುಗೊರೆ ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಆಲ್ಬಿನ್ ಬದುಕಿಕೊಳ್ಳುತ್ತಿದ್ದ.

ಆಲ್ಬಿನ್ ತಕ್ಷಣ ಮೊಣಕಾಲು ಹಿಡಿದುಕೊಂಡ. ಇತ್ತೀಚೆಗೆ ಬಹಳ ನೋವು, ಬೆಟ್ಟ ಎಂದರೆ ಡಾಕ್ಟರು ಬೈಯುತ್ತಾರೆ ಎಂದ. ಮೊಣಕಾಲಿನ ಸುದ್ದಿ ಮಿಲ್ಲಿನವರೆಗೆ ಹೋಗಿ, ಲೊವ್ರೊ ಕರಡಿ ಕೊಬ್ಬಿನ ಮುಲಾಮಿನ ಡಬ್ಬಿ ಹಿಡಿದು ಓಡಿಬಂದ.

"ನಂಗೊತ್ತು ಕಣೋ ಇದು ಯಾವ ನೋವು ಅಂತ," ಎಂದ ಕಣ್ಣೊರೆಸಿಕೊಳ್ಳುತ್ತಾ. "ಗೋಪುರದಲ್ಲಿ ಜಾಗ ಸಾಲದೆ ಇಬ್ಬರು ನಿನ್ನ ಆ ಮೊಣಕಾಲ ಮೇಲೇ ಕೂತಿದ್ರಲ್ಲ. ರಾತ್ರಿಯೆಲ್ಲ ತುಟಿ ಪಿಟಕ್ ಅನ್ನಲಿಲ್ಲ ನೀನು."

ಹೀಗೆ ಇಲ್ಲದ ನೋವಿಗೆ ಒಂದು ಇತಿಹಾಸ ಬಂತು. ವಾರದೊಳಗೆ ಸಂಘದವರು ಸಭೆ ಸೇರಿ, ಆ ಹನ್ನೆರಡು ಮಂದಿಯ ಪುನರ್ಮಿಲನವನ್ನು ಶಿಖರದ ಮೇಲೆಯೇ ನಡೆಸುವುದೆಂದೂ, ಮೊಣಕಾಲು ಕೊಟ್ಟ ಮಹಾನುಭಾವನಿಗೆ ಅಲ್ಲಿ ಬೆಳ್ಳಿಯ ಬಿಲ್ಲೆ ತೊಡಿಸುವುದೆಂದೂ, ಅದೇ ಮುಹೂರ್ತದಲ್ಲಿ ಅವನು ತನ್ನ ಭಾವಿ ಅಳಿಯನಿಗೆ ದೀಕ್ಷೆ ಕೊಡುವುದೆಂದೂ ನಿರ್ಧರಿಸಿದರು. ಆಲ್ಬಿನ್ ಹವಾಮಾನದ ಮೇಲೆ ಭಾರ ಹಾಕಿದ; ಪಾದ್ರಿ ಮೆಲ್ಹಿಯೊರ್ ಒಳ್ಳೆಯ ಬಿಸಿಲಿಗಾಗಿ ಒಂದು ವಿಶೇಷ ಪೂಜೆ ಮಾಡಿ, ತಾವೂ ಬರುವುದಾಗಿ ಘೋಷಿಸಿದರು. ಅಂಗಡಿ ಮುಚ್ಚಲಾಗುವುದಿಲ್ಲ ಎಂದ; ಪಾವ್ಲಾ ತಾನು ಕೂರುತ್ತೇನೆ ಎಂದು ಬೀಗದ ಕೈ ಇಸಿದುಕೊಂಡಳು. ಬಾಯಿ ತೆರೆದಷ್ಟೂ ಅವನ ಕೀರ್ತಿ ಬೆಳೆಯುತ್ತಿತ್ತು. ಕೊನೆಗೆ ಅವನು ಸುಮ್ಮನಾದ. ಅದನ್ನೂ ವಿನಯವೆಂದು ಹೊಗಳಿದರು.

ಹತ್ತೊಂಬತ್ತು ಮಂದಿಯಲ್ಲಿ ಹನ್ನೆರಡು ಮಂದಿಯನ್ನು ಆರಿಸುವುದು ಹೇಗೆಂದು ಸಂಘದಲ್ಲಿ ಬೇಸಿಗೆಯೆಲ್ಲ ಕಾದಾಟ ನಡೆಯಿತು. ನಾನು ನಿಜವಾಗಿ ಇದ್ದವನು, ನೀನು ನಡುವೆ ತೂರಿದವನು ಎಂದು ಕತ್ತಿನ ಪಟ್ಟಿ ಹಿಡಿದರು. ಆದರೆ ದಿನ ಹತ್ತಿರವಾದಂತೆ ದೇವರೇ ಆ ಜಗಳ ಬಿಡಿಸಿದ. ಒಬ್ಬನ ಹಸು ಈಯಬೇಕಾಗಿ ಬಂತು. ಒಬ್ಬನಿಗೆ ಸೊಂಟ ಹಿಡಿಯಿತು. ಇಬ್ಬರಿಗೆ ಒಂದೇ ದಿನ ದೂರದ ಚಿಕ್ಕಮ್ಮಂದಿರು ಸತ್ತರು. ಅವರಲ್ಲೊಬ್ಬನ ಚಿಕ್ಕಮ್ಮ ಮಾರನೆಯ ದಿನ ಬಸ್ಸಿನಲ್ಲಿ ಬಂದಿಳಿದಳು. ಹೊರಡುವ ಬೆಳಿಗ್ಗೆ ಇಗರ್ಜಿಯ ಮುಂದೆ ನಿಂತಿದ್ದವರು ಅಧ್ಯಕ್ಷನಾಗಿದ್ದರಿಂದ ತಪ್ಪಿಸಿಕೊಳ್ಳಲಾರದ ಲೊವ್ರೊ, ಪೂಜೆ ಮಾಡಿ ಬಿಸಿಲು ತರಿಸಿದ್ದರಿಂದ ತಪ್ಪಿಸಿಕೊಳ್ಳಲಾರದ ಪಾದ್ರಿ, ಅಂಗಡಿಯಿಂದ ಹೊಸ ಹಗ್ಗದ ಸುರುಳಿ ತಂದಿದ್ದ ಆಲ್ಬಿನ್, ಮತ್ತು ಕಾಲ್ಮಾನ್. ಉರ್ಶಾಗೆ ಶಾಲೆ ಶುರುವಾಗಿತ್ತು. ತೊಂಚ್ಕಾ ಮಾತ್ರ ಬೆನ್ನಿಗೊಂದು ಬುಟ್ಟಿ ಕಟ್ಟಿಕೊಂಡು ಬಂದು ನಿಂತಳು. ಅಕ್ರೋಟು ತುಂಬಿ ಸುತ್ತಿದ ಸಿಹಿ ರೊಟ್ಟಿ, ಪೊತಿತ್ಸಾ, ಮಾಡಿದ್ದೇನೆ, ಮೇಲೆ ತಿನ್ನಲು ಯಾರಾದರೂ ಹೊರಬೇಕಲ್ಲ ಎಂದಳು. ನಿನ್ನ ಕೈಲಾಗತ್ತೇನೇ ಎಂದು ಆಲ್ಬಿನ್ ಕೇಳಿದ. ನೋಡೋಣ ಎಂದಳು.

ಮೊದಲ ದಿನ ಆಶ್ರಯಮನೆಯವರೆಗೆ ಮೂರು ಜನ ಅನುಭವಿಗಳೂ ಮಾತಾಡಲಿಲ್ಲ, ಉಸಿರಿಗೆ ಪುರುಸೊತ್ತಿರಲಿಲ್ಲ. ಬಾಗಿಲಲ್ಲಿ ಆಶ್ರಯಮನೆಯ ಮುದುಕಿ ತೊಂಚ್ಕಾಳನ್ನು ಕಂಡವಳೇ ಎರಡೂ ಕೈ ಚಾಚಿ ಬಂದು ತಬ್ಬಿಕೊಂಡಳು. ಪೊತಿತ್ಸಾದ ವಾಸನೆ ಅಷ್ಟು ದೂರಕ್ಕೆ ಹೊಡೆದಿರಬೇಕೆಂದು ಆಲ್ಬಿನ್ ಹೆಮ್ಮೆಪಟ್ಟ. ಒಳಗೆ ಅದೇ ಬಾರ್ಲಿ ಸಾರು ಕುದಿಯುತ್ತಿತ್ತು. ಅವನು ಬರೀ ಬ್ರೆಡ್ಡು ತಿಂದು, ಹಿಂದಿನ ಮರದ ಕೋಣೆಯನ್ನೊಮ್ಮೆ ಹಳೆಯ ಗೆಳೆಯನನ್ನು ನೋಡುವಂತೆ ನೋಡಿ ಬಂದು ಮಲಗಿದ.

ಬೆಳಿಗ್ಗೆ ಬಂಡೆಯ ಬುಡಕ್ಕೆ ಬಂದಾಗ ನಿಜವಾದ ಕಷ್ಟ ಶುರುವಾಯಿತು. ಅಲ್ಲಿಂದ ಮೇಲೆ ದಾರಿ ಎಂಬುದಿಲ್ಲ. ಕಲ್ಲಿಗೆ ಹೊಡೆದ ಕಬ್ಬಿಣದ ಗೂಟಗಳು, ಗೂಟದಿಂದ ಗೂಟಕ್ಕೆ ಎಳೆದ ಉಕ್ಕಿನ ಹಗ್ಗ, ಎರಡೂ ಕಡೆ ಗಾಳಿ. ಎಷ್ಟೋ ಬೂಟುಗಳು ಸವೆಸಿ ಸುಣ್ಣಕಲ್ಲು ಬಳಸಿದ ಸೋಪಿನಂತೆ ನುಣುಪಾಗಿತ್ತು. ನುಣುಪಿಲ್ಲದ ಕಡೆ ತುರಿಮಣೆಯಷ್ಟು ಹರಿತ. ಅದನ್ನು ನೋಡಿದ್ದೇ ತಡ, ಮೂವರು ಅನುಭವಿಗಳಿಗೂ ಒಬ್ಬರ ಮೇಲೊಬ್ಬರಿಗೆ ಎಲ್ಲಿಲ್ಲದ ಗೌರವ ಹುಟ್ಟಿತು. ದಾರಿ ಬಲ್ಲವನು ನೀನು, ನೀನೇ ಮುಂದೆ ನಡಿ ಎಂದ ಲೊವ್ರೊ. ಎಲ್ಲಾದರೂ ಉಂಟೆ, ಅಧ್ಯಕ್ಷರ ಮುಂದೆ ನಾನು ನಡೆಯುವುದೇ ಎಂದ ಆಲ್ಬಿನ್. ಇಬ್ಬರೂ ಸೇರಿ ಪಾದ್ರಿಗಳನ್ನು ಮುಂದೆ ತಳ್ಳಿದರು. ಇಗರ್ಜಿಯಲ್ಲಿ ಪಾದ್ರಿ ಯಾವಾಗಲೂ ಮೆರವಣಿಗೆಯ ಕೊನೆಗೇ ನಡೆಯುವುದು ಎಂದು ಅವರು ಹಿಂದೆ ಸರಿದರು. ಹಿಂದೆ ಜನ ಸಾಲುಗಟ್ಟಿ ನಿಂತು ಗೊಣಗತೊಡಗಿದಾಗ ಕಾಲ್ಮಾನ್ ಕ್ಷಮಿಸಿ ಎಂದು ನಡುವೆ ನುಸುಳಿ, ಕಂಬ ಹತ್ತುವವನಂತೆ ಸರಸರ ಹತ್ತಿಹೋದ. ನಂತರ ಮೂವರೂ ಬೆಕ್ಕಿನಂತೆ ನಾಲ್ಕು ಕಾಲಿನಲ್ಲಿ ಅವನ ಬೂಟು ನೋಡುತ್ತಾ ಹೊರಟರು. ತೊಂಚ್ಕಾ ಎಲ್ಲರಿಗಿಂತ ಹಿಂದೆ.

"ಎಡಗಾಲು ಮೇಲಿನ ಗೂಟಕ್ಕಿಡು. ಅದಲ್ಲ, ಅದು ಅಲ್ಲಾಡತ್ತೆ. ಅದರ ಪಕ್ಕದ್ದು," ಎಂದಳು ಅವಳು ಒಂದು ಕಡೆ.

ಆಲ್ಬಿನ್ ಇಟ್ಟ. ಇವಳಿಗೆ ಹೇಗೆ ಗೊತ್ತು ಎಂದು ಕೇಳಬೇಕೆನ್ನಿಸಿತು. ಆದರೆ ಕೆಳಗೆ ನೋಡದೆ ಅವಳ ಕಡೆ ತಿರುಗುವಂತಿರಲಿಲ್ಲ, ಕೆಳಗೆ ನೋಡಿದರೆ ಮಾತು ಬರುವಂತಿರಲಿಲ್ಲ. ಹಿಂದೆ ಇರುವವರಿಗೆ ಎಲ್ಲ ಕಾಣುತ್ತದೆ ಬಿಡು ಎಂದುಕೊಂಡು ತೆವಳಿದ.

ತುದಿ ತಲುಪಿದಾಗ ಆಕಾಶ ನಿರ್ಮಲವಾಗಿತ್ತು. ಪಾದ್ರಿಗಳ ಪೂಜೆ ಬೇಕಾದ್ದಕ್ಕಿಂತ ಚೆನ್ನಾಗಿ ಫಲಿಸಿತ್ತು, ಒಂದು ತುಣುಕು ಮೋಡವಿದ್ದಿದ್ದರೂ ಅಲ್ಲಿ ಕಂಡದ್ದನ್ನು ಮುಚ್ಚಿಡಬಹುದಾಗಿತ್ತು. ನಡುವೆ ಗೋಪುರ ನಿಂತಿತ್ತು. ತಗಡಿನದು, ದುಂಡಗೆ, ತಲೆಯ ಮೇಲೊಂದು ಟೋಪಿ, ಟೋಪಿಯ ಮೇಲೊಂದು ಪುಟ್ಟ ಬಾವುಟ. ಎತ್ತರ ಕಾಲ್ಮಾನ್‌ಗಿಂತ ಸ್ವಲ್ಪ ಹೆಚ್ಚು. ಅಗಲ, ಆಲ್ಬಿನ್ ತನ್ನ ಅಂಗಡಿಯಲ್ಲಿ ಮಾರುವ ನೀರಿನ ತೊಟ್ಟಿಯಷ್ಟು. ಚೆಕ್ ದೇಶದಿಂದ ಬಂದ ಒಂದು ಕುಟುಂಬ ಫೋಟೋಗಾಗಿ ಅದರೊಳಗೆ ಹೊಕ್ಕಿತ್ತು: ಅಪ್ಪ, ಅಮ್ಮ, ಒಂದು ಮಗು. ಅಜ್ಜಿಯ ಅರ್ಧ ಭಾಗ ಇನ್ನೂ ಹೊರಗಿತ್ತು, ಒಳಗೆ ಹೋಗುವ ಲಕ್ಷಣವಿರಲಿಲ್ಲ.

ಮೂವರು ಅನುಭವಿಗಳೂ ಸಾಲಾಗಿ ನಿಂತು ಅದನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಚಿಕ್ಕದು ಮಾಡಿದಾರೆ," ಎಂದ ಲೊವ್ರೊ ಕೊನೆಗೆ.

"ತಗಡು ನೋಡು," ಎಂದರು ಪಾದ್ರಿ. "ಚಳಿಗೆ ಕುಗ್ಗತ್ತೆ."

"ಆಗ ನಾವೆಲ್ಲ ತೆಳ್ಳಗಿದ್ವಿ," ಎಂದ ಆಲ್ಬಿನ್.

ಹಾಗೆಂದು ಲೊವ್ರೊನ ಮುಖ ನೋಡಿದ. ಲೊವ್ರೊ ಅವನ ಮುಖ ನೋಡುತ್ತಿದ್ದ. ಪಾದ್ರಿಗಳು ಇಬ್ಬರನ್ನೂ ನೋಡಿ ಆಸ್ಟ್ರಿಯಾದ ಕಡೆಗೆ ತಿರುಗಿಕೊಂಡರು. ಬಾಗಿಲ ಹತ್ತಿರ ಕೂತಿದ್ದವನೂ ಭಕ್ತರನ್ನು ಬೆಂಚಿನ ಮೇಲೆ ಕೂರಿಸಿದವರೂ ಈ ತಗಡಿನ ಡಬ್ಬಿಯನ್ನು ಇವತ್ತೇ ಮೊದಲು ನೋಡುತ್ತಿದ್ದಾರೆ ಎಂಬುದು ಆಲ್ಬಿನ್‌ನ ತಲೆಗೆ ನಿಧಾನವಾಗಿ ಇಳಿಯಿತು. ಅವನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತಾನೊಬ್ಬನೇ ಸುಳ್ಳ ಎಂದು ಕೊರಗಿದ್ದೆಲ್ಲ ದಂಡವಾಗಿ ಹೋಗಿತ್ತು.

ಅಷ್ಟರಲ್ಲಿ ಕಾಲ್ಮಾನ್ ಅಜ್ಜಿಯನ್ನು ಹೊರಗೆಳೆದು ಸಹಾಯ ಮಾಡಿ ಬಂದ. ಹಗ್ಗದ ಸುರುಳಿಯನ್ನು ಆಲ್ಬಿನ್‌ನ ಕೈಗಿಟ್ಟು, ಒಂದು ಬಂಡೆಗೆ ಎರಡೂ ಅಂಗೈ ಊರಿ ಬಗ್ಗಿ ನಿಂತ. "ಹೊಡೀರಿ ಮಾವ. ಮೆಲ್ಲಗೆ ಬೇಡ, ನ್ಯಾಯವಾಗಿ ಹೊಡೀರಿ."

ಇನ್ನೇನು ಎಲ್ಲ ಮುಗಿದಂತೆಯೇ ಆಗಿತ್ತು. ಸುಳ್ಳನ್ನು ಹಿಡಿಯಬಲ್ಲವರಿಬ್ಬರೂ ಅದೇ ಸುಳ್ಳಿನವರು. ಒಂದು ಏಟು ಹಾಕಿದ್ದರೆ ಮದುವೆಯ ಮೇಜಿನ ತಲೆ ಆಲ್ಬಿನ್‌ನದೇ. ಅವನು ಹಗ್ಗ ಎತ್ತಿದ. ಬಗ್ಗಿದ ಆ ಉದ್ದನೆಯ ಬೆನ್ನು ಕಂಡಿತು. ಎಷ್ಟೊಂದು ಭಾನುವಾರ ಕಿಟಕಿಯ ಹತ್ತಿರ ನಿಂತ ಬೆನ್ನು. ಒಂದು ದಿನವೂ ಗೊಣಗದೆ, ತಟ್ಟೆ ತಾನೇ ತೊಳೆದಿಟ್ಟು ಹೋದ ಹುಡುಗ. ಆಲ್ಬಿನ್‌ಗೆ ನಾಚಿಕೆಯಾಯಿತು, ಬೆವರು ಬರುವಷ್ಟು ನಾಚಿಕೆ. ಕೈ ಕೆಳಗಿಳಿಯಿತು.

"ಬೇಡಪ್ಪ," ಎಂದ. "ನಾನು ಹೊಡೆಯೋ ಹಾಗಿಲ್ಲ. ನಾನೂ ಇವತ್ತೇ ಬಂದಿರೋದು."

ಹೇಳಿ ಹಗ್ಗವನ್ನು ಲೊವ್ರೊನ ಕೈಗಿಟ್ಟ. ಅಧ್ಯಕ್ಷನಾದವನು ದೀಕ್ಷೆ ಕೊಡಲಿ ಎಂದ. ಲೊವ್ರೊಗೆ ತಕ್ಷಣ ಬೂಟಿನ ದಾರ ಬಿಚ್ಚಿಹೋಯಿತು. ಹಗ್ಗ ಪಾದ್ರಿಗಳ ಕೈಗೆ ಬಂತು. ಪಾದ್ರಿಗಳು ತಮ್ಮ ಕೈ ಆಶೀರ್ವಾದಕ್ಕೆ ಮೀಸಲೆಂದು ಅದನ್ನು ಮತ್ತೆ ಆಲ್ಬಿನ್‌ಗೆ ದಾಟಿಸಿದರು. ಹಗ್ಗ ಹೀಗೆ ಎರಡು ಸುತ್ತು ಹಾಕಿತು. ಬಗ್ಗಿದ್ದ ಕಾಲ್ಮಾನ್ ತಲೆಯನ್ನು ಮಾತ್ರ ತಿರುಗಿಸಿ, ಏನಾದರೂ ತೊಂದರೆಯೇ ಎಂದು ಕೇಳಿದ.

ತೊಂಚ್ಕಾ ಬುಟ್ಟಿ ಇಳಿಸಿದಳು. ಪೊತಿತ್ಸಾದ ಪುಡಿ ಅಂಟಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಕೊಡಿ ಇಲ್ಲಿ," ಎಂದಳು.

"ನೀನೆಲ್ಲಿ ದೀಕ್ಷೆ ಕೊಡೋಕಾಗತ್ತೆ," ಎಂದ ಆಲ್ಬಿನ್. "ಮುಂಚೆ ಹತ್ತಿದೋರೇ ಕೊಡಬೇಕು."

"ಮದುವೆಗೆ ಮುಂಚೆ ಎರಡು ಬೇಸಿಗೆ ಕೆಳಗಿನ ಆಶ್ರಯಮನೇಲಿ ಪಾತ್ರೆ ತೊಳೀತಿದ್ದೆ. ಮಧ್ಯಾಹ್ನ ಬಿಡುವಾದ್ರೆ ಇಲ್ಲಿಗೆ ಬಂದು ಕೂರ್ತಿದ್ದೆ. ಆ ಮುದುಕೀನೇ ನಂಗೆ ದೀಕ್ಷೆ ಕೊಟ್ಟಿದ್ದು."

ಗೋಪುರದ ಬಾವುಟ ಕಿರ್ರೆಂದು ತಿರುಗಿತು.

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ವಲ್ಲೇ," ಎಂದ ಆಲ್ಬಿನ್.

"ನೀನು ಕೇಳಲಿಲ್ಲ. ನೀನು ಹೇಳ್ತಿದ್ದೆ."

ಕಾಲ್ಮಾನ್‌ಗೆ ಒಂದೇ ಏಟು ಬಿತ್ತು, ಅದೂ ಅಂಗಿಯ ಧೂಳು ಕೊಡವಿದಷ್ಟು. ಎದ್ದೇಳು ಮಗಾ ಎಂದು ಅವನ ಕೆನ್ನೆ ತಟ್ಟಿದಳು. ಪಾದ್ರಿಗಳ ಮುಂದೆ ಸ್ವಲ್ಪ ಹಿಂಜರಿದಳು. ಅವರು ಕಣ್ಣು ಮುಚ್ಚಿ, ನಡೆಯಲಿ ತಾಯಿ ಎಂದು ಬಗ್ಗಿದರು. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎರಡು ಬಾರಿಸಿದಳು. ಲೊವ್ರೊಗೆ ಮೂರು, ಅಧ್ಯಕ್ಷನ ಸ್ಥಾನಕ್ಕೆ ಒಂದು ಹೆಚ್ಚಿಗೆ ಸೇರಿ. ಆಮೇಲೆ ಆಲ್ಬಿನ್ ಬಂದು ಬಂಡೆಗೆ ಕೈಯೂರಿ ನಿಂತ. ಹಗ್ಗ ಬೀಳಲಿಲ್ಲ.

"ಗೋಪುರದಲ್ಲಿ ಎಷ್ಟು ಜನ ಇದ್ರು ಅಂತಿದ್ದೆ?" ಎಂದಳು ಹಿಂದಿನಿಂದ.

ಆಲ್ಬಿನ್ ಬೇಗ ಬೇಗ ಯೋಚಿಸಿದ. "ಮೂರೋ ನಾಲ್ಕೋ ಇರಬೇಕು. ಸರಿಯಾಗಿ ನೆನಪಿಲ್ಲ."

"ಹನ್ನೆರಡು," ಎಂದ ಲೊವ್ರೊ, ಏಟು ಬಿದ್ದ ಜಾಗ ಉಜ್ಜಿಕೊಳ್ಳುತ್ತಾ. "ನಂಗೆ ಚೆನ್ನಾಗಿ ನೆನಪಿದೆ. ಬಾಗಿಲ ಹತ್ರ ನಾನೇ ಇದ್ದೆ."

ಪ್ರತಿ ವಸಂತದಲ್ಲೂ ಮನೆಯ ಜಮಖಾನೆಗಳನ್ನೆಲ್ಲ ಹೊರಗೆ ಹಾಕಿ ಧೂಳು ಬಡಿಯುವವಳು ತೊಂಚ್ಕಾಳೇ. ಆ ಕೆಲಸಕ್ಕೆ ಒಂದು ಹದವಿದೆ, ಒಂದು ಲಯವಿದೆ, ಯಾವ ಮೂಲೆಯನ್ನೂ ಬಿಡದ ಒಂದು ನಿಷ್ಠೆಯಿದೆ. ಚೆಕ್ ಕುಟುಂಬ ಸುತ್ತ ನಿಂತು ತಮ್ಮ ಭಾಷೆಯಲ್ಲಿ ಜೋರಾಗಿ ಎಣಿಸಿ ಹುರಿದುಂಬಿಸಿತು. ಹಗ್ಗ ಆಲ್ಬಿನ್‌ನ ಅಂಗಡಿಯದೇ, ಗಟ್ಟಿಯಾದದ್ದು. ಗಿರಾಕಿಗಳಿಗೆ ಅವನು ಯಾವತ್ತೂ ಮೋಸ ಮಾಡಿದವನಲ್ಲ.

ಆಮೇಲೆ ಎಲ್ಲರೂ ಪೊತಿತ್ಸಾ ತಿಂದರು. ಬೆಳ್ಳಿಯ ಬಿಲ್ಲೆ ಲೊವ್ರೊನ ಜೇಬಿನಲ್ಲೇ ಉಳಿಯಿತು. ಇಳಿಯುವಾಗ ಮೂವರೂ ಒಂದು ಒಪ್ಪಂದಕ್ಕೆ ಬಂದರು: ಪುನರ್ಮಿಲನ ಭರ್ಜರಿಯಾಗಿ ನಡೆಯಿತು, ದೀಕ್ಷೆಯಾಯಿತು, ಉಳಿದದ್ದು ಬೆಟ್ಟದ ಮೇಲಿನದು ಬೆಟ್ಟಕ್ಕೆ. ಕಾಲ್ಮಾನ್‌ನನ್ನು ಕೇಳುವ ಅಗತ್ಯವೇ ಇರಲಿಲ್ಲ, ಅವನು ಮಾವನ ಮಾತು ಮೀರುವವನಲ್ಲ. ತೊಂಚ್ಕಾಳನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ. ಹೋಟೆಲಿನಲ್ಲಿ ಆ ಸಂಜೆ ಲೊವ್ರೊ ನಿಂತುಕೊಂಡೇ ಭಾಷಣ ಮಾಡಿದ. ಜನ ಅದನ್ನು ಭಾವಾವೇಶ ಎಂದುಕೊಂಡರು. ಅಂಗಡಿಯ ಬೀಗದ ಕೈ ಹಿಂತಿರುಗಿಸಲು ಬಂದ ಪಾವ್ಲಾ ಒಬ್ಬಳು ಮಾತ್ರ ಅಡಿಗೆಮನೆಯಲ್ಲಿ ತೊಂಚ್ಕಾಳ ಪಕ್ಕ ಕೂತು, ಮೇಲೆ ಏನಾಯಿತು ಎಂದು ಕೇಳಿದಳು.

ಭಾನುವಾರ ಉರ್ಶಾ ಬಂದಳು. ಮೇಜಿನ ಮೇಲೆ ಮಾಂಸದ ಸಾರು ಹಬೆಯಾಡುತ್ತಿತ್ತು. ಕಾಲ್ಮಾನ್ ಆ ಮೊದಲ ಊಟದ ನಂತರ ಇದೇ ಮೊದಲು ಈ ಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ. ಮೇಜಿನ ತಲೆಯ ಕುರ್ಚಿ ಖಾಲಿಯಿತ್ತು. ಈಗ ಅದರಲ್ಲಿ ಕೂರಲು ಆಲ್ಬಿನ್‌ಗೆ ಪೂರ್ತಿ ಹಕ್ಕಿತ್ತು, ಜೀವನದಲ್ಲಿ ಮೊದಲ ಬಾರಿಗೆ. ಅವನು ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ.

"ಕೂತ್ಕೊಳ್ಳಿ ಮಾವ," ಎಂದ ಕಾಲ್ಮಾನ್, ಅರ್ಧ ಎದ್ದು.

"ಬೇಡಪ್ಪ, ನೀನು ಕೂತ್ಕೊ," ಎಂದ ಆಲ್ಬಿನ್. "ನಿಂತು ತಿಂದ್ರೆ ಜೀರ್ಣ ಚೆನ್ನಾಗಾಗತ್ತೆ."

ಸಾರು ಮುಗಿಯುವುದರೊಳಗೆ ಬಾಗಿಲು ತಟ್ಟಿದ ಸದ್ದಾಯಿತು. ಪಾವ್ಲಾ ಮತ್ತೊಂದು ಕುರ್ಚಿ ಕಳಿಸಿದ್ದಳು. ಈ ಸಲದ ಕುರ್ಚಿಗೆ ಮೆತ್ತೆ ಇತ್ತು.